ಅಹಮದ್ ಬ್ಯಾರಿ ಆಮೇಲೆ ಎಲ್ಲಿಗೆ ಹೋದ?

ಕೊರೊನಾ ಕಾಲದ ಕನ್ನಡ ಪತ್ರಿಕೆಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಿದರೆ ಒಂದೇ ಸಮುದಾಯದ ಎರಡು ಚಿತ್ರಗಳು ಕಾಣುತ್ತವೆ. ಮೊದಲನೆಯದು 2020ರ ಏಪ್ರಿಲ್ ತಿಂಗಳದ್ದು. ಅದರಲ್ಲಿ ಮುಸ್ಲಿಮನೆಂದರೆ ರೋಗವನ್ನು ಬಚ್ಚಿಟ್ಟುಕೊಂಡು ಊರೂರಿಗೆ ಹಂಚುವವನು. ಎರಡನೆಯದು 2021ರ ಮೇ ತಿಂಗಳದ್ದು. ಅದರಲ್ಲಿ ಅದೇ ಮುಸ್ಲಿಮ ಮೈತುಂಬ ಬಿಳಿಯ ಕಿಟ್ ತೊಟ್ಟು, ಹೆತ್ತ ಮಕ್ಕಳೇ ಮುಟ್ಟಲು ಹಿಂಜರಿದ ಹಿಂದೂ ಶವಕ್ಕೆ ಹೆಗಲು ಕೊಡುವವನು. 'ಮಾನವೀಯತೆ ಮೆರೆದ ಮುಸ್ಲಿಂ ಯುವಕರು' ಎಂಬ ತಲೆಬರಹ ಆಗ ಎಷ್ಟು ಸಲ ಅಚ್ಚಾಯಿತೆಂದರೆ, ಅದರ ಅಚ್ಚುಮೊಳೆಗಳನ್ನು ಬಿಚ್ಚದೆ ಹಾಗೇ ಇಟ್ಟುಕೊಂಡಿದ್ದಾರೇನೋ ಎನ್ನಿಸುತ್ತಿತ್ತು. ಎರಡು ಚಿತ್ರಗಳ ನಡುವೆ ಇದ್ದದ್ದು ಕೇವಲ 13 ತಿಂಗಳು.

ಎರಡನೆಯ ಚಿತ್ರವನ್ನು ಕಂಡು ನಮ್ಮಲ್ಲಿ ಅನೇಕರು ಸಮಾಧಾನಪಟ್ಟರು. ಕಳೆದುಹೋದ ಮಾನ ಮರಳಿ ಬಂತು, ಸಮಾಜ ಚೇತರಿಸಿಕೊಂಡಿತು ಎಂದುಕೊಂಡರು. ಆದರೆ ಈ ಎರಡು ಚಿತ್ರಗಳು ಒಂದಕ್ಕೊಂದು ಎದುರಾಗಿ ನಿಂತವಲ್ಲ, ಒಂದೇ ನಾಣ್ಯದ ಎರಡು ಮುಖಗಳು ಎಂಬುದು ಈ ಲೇಖನದ ವಾದ. ರಾಕ್ಷಸನಿಗೂ ದೇವದೂತನಿಗೂ ಓಣಿಯಲ್ಲಿ ಮನೆ ಇರುವುದಿಲ್ಲ. ಅವರಿಗೆ ಜ್ವರ ಬರುವುದಿಲ್ಲ, ಸಂತೆಯ ಚಿಂತೆ ಇರುವುದಿಲ್ಲ, ಮಗ್ಗ ನಿಂತರೆ ಹೊಟ್ಟೆಗೆ ಕಷ್ಟವಾಗುವುದಿಲ್ಲ. ಭಯದ ಕಾಲದಲ್ಲಿ ನಾವು ಕಳೆದುಕೊಂಡದ್ದು ಇವರಿಬ್ಬರ ನಡುವೆ ಇದ್ದ ಸಾಮಾನ್ಯ ಮನುಷ್ಯನನ್ನು, ಬಾಜೂ ಮನೆಯವನನ್ನು. ಅವನು ಮರಳಿ ಸಿಕ್ಕಿದ್ದಾನೆಯೇ ಎಂದು ಕೇಳಿಕೊಳ್ಳದೆ ಚೇತರಿಕೆಯ ಮಾತು ಆಡುವಂತಿಲ್ಲ.

ಇದನ್ನು ಬಾಗಲಕೋಟೆ ಜಿಲ್ಲೆಯ ನಾಲ್ಕು ಊರುಗಳನ್ನು ಮುಂದಿಟ್ಟುಕೊಂಡು ನೋಡೋಣ: ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ. ಜಮಖಂಡಿ, ಮುಧೋಳಗಳು ಒಂದು ಕಾಲಕ್ಕೆ ಸಂಸ್ಥಾನಗಳಾಗಿದ್ದವು. ಮುಧೋಳ ಕವಿ ರನ್ನನ ನೆಲ. ರಬಕವಿ-ಬನಹಟ್ಟಿ ನೇಕಾರರ ಊರು. ಬೀಳಗಿ ಆಲಮಟ್ಟಿಯ ಹಿನ್ನೀರಿಗೆ ಹಳ್ಳಿಗಳನ್ನೂ ಹೊಲಗಳನ್ನೂ ಕೊಟ್ಟ ತಾಲ್ಲೂಕು. ಕೃಷ್ಣೆ ಮತ್ತು ಘಟಪ್ರಭೆಯ ನೀರು, ಕಬ್ಬು, ಬೆಲ್ಲ, ಸೀರೆ ಇಲ್ಲಿನ ಬದುಕು. ಹೂವಿನವ, ಹಣ್ಣಿನ ಬಾಗವಾನ, ಗಾದಿ ತುಂಬುವ ನದಾಫ, ಹಮಾಲಿ, ಮಿಸ್ತ್ರಿ, ನೇಕಾರ ಹೀಗೆ ಇಲ್ಲಿಯ ಮುಸ್ಲಿಮರು ಊರಿನ ದಿನದಿನದ ಕೆಲಸದಲ್ಲಿ ಬೆರೆತವರು. ಅಲಾಯಿ ಹಬ್ಬದಲ್ಲಿ ಪಂಜಾ ಹಿಡಿಯುವವರು, ರಿವಾಯತ ಪದ ಹಾಡುವವರು ಯಾವ ಜಾತಿಯವರೆಂದು ಕೇಳುವ ರೂಢಿ ಇಲ್ಲಿನ ಹಳ್ಳಿಗಳಲ್ಲಿ ಇರಲಿಲ್ಲ. ಹಿರಿಯ ಮುಸ್ಲಿಮನನ್ನು ಲಿಂಗಾಯತರ ಹುಡುಗ ಮಾಮಾ ಎಂದೋ ಚಾಚಾ ಎಂದೋ ಕರೆಯುತ್ತಾನೆ. ಈ ಸೌಹಾರ್ದ ಸಭೆ ಕರೆದು ಬೆಳೆಸಿದ್ದಲ್ಲ, ಬಾಯಿಗೆ ಅಭ್ಯಾಸವಾದದ್ದು.

2020ರ ಮಾರ್ಚ್ 9ರಂದು ರಾಜ್ಯದ ಮೊದಲ ಪ್ರಕರಣ ಬೆಂಗಳೂರಿನಲ್ಲಿ ವರದಿಯಾಯಿತು. ಮರುದಿನ ತೀರಿಕೊಂಡ ಕಲಬುರಗಿಯ ಹಿರಿಯರೊಬ್ಬರ ಸಾವು ದೇಶದ ಮೊದಲ ಕೊರೊನಾ ಸಾವೆಂದು ಮಾರ್ಚ್ 12ರಂದು ಖಚಿತವಾಯಿತು. ಮಾರ್ಚ್ 25ರಿಂದ ದೇಶವೇ ಲಾಕ್‌ಡೌನ್ ಆಯಿತು. ಏಪ್ರಿಲ್ ಮೊದಲ ವಾರದಲ್ಲಿ ಬಾಗಲಕೋಟೆ ನಗರದಲ್ಲಿ ಸಾವು ಸಂಭವಿಸಿದಾಗ ಭಯ ಈ ಜಿಲ್ಲೆಯ ಮನೆಬಾಗಿಲಿಗೇ ಬಂತು. ಈ ಭಯವನ್ನು ಯಾರೂ ಹಗುರವಾಗಿ ಕಾಣಬಾರದು. ಔಷಧಿ ಇಲ್ಲದ, ಲಸಿಕೆ ಇಲ್ಲದ, ಕಣ್ಣಿಗೆ ಕಾಣದ ರೋಗಕ್ಕೆ ಹೆದರುವುದು ಬುದ್ಧಿಗೇಡಿತನವಲ್ಲ. ದುಡಿಯಲು ಗೋವೆ, ಮಂಗಳೂರು, ಪುಣೆಗೆ ಹೋದ ಮಕ್ಕಳು ಎಲ್ಲಿ ಸಿಕ್ಕಿಬಿದ್ದಿದ್ದಾರೋ ಎಂದು ತಾಯಂದಿರು ನಿದ್ದೆಗೆಟ್ಟಿದ್ದರು. ಹಳ್ಳಿಯ ದಾರಿಗೆ ಮುಳ್ಳುಕಂಟಿ ಹಚ್ಚಿ ಪರಊರಿನವರನ್ನು ತಡೆದವರಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದವರೂ ಇದ್ದರು. ಪ್ರಶ್ನೆ ಇರುವುದು ಭಯದ ಬಗ್ಗೆ ಅಲ್ಲ, ಆ ಭಯಕ್ಕೆ ಒಂದು ಮುಖ, ಒಂದು ಟೋಪಿ, ಒಂದು ಗಡ್ಡ ಬಂದದ್ದು ಹೇಗೆ ಎಂಬುದರ ಬಗ್ಗೆ.

ಮಾರ್ಚ್ ತಿಂಗಳಲ್ಲಿ ದೆಹಲಿಯ ನಿಜಾಮುದ್ದೀನ್ ಮರ್ಕಜ್‌ನಲ್ಲಿ ನಡೆದ ತಬ್ಲೀಗ್ ಸಮಾವೇಶದಿಂದ ಮರಳಿದವರಲ್ಲಿ ಸೋಂಕು ಕಂಡುಬಂತು. ಅದು ನಿಜ. ಅವರನ್ನು ಪತ್ತೆ ಹಚ್ಚಿ ಪರೀಕ್ಷಿಸಬೇಕಾದದ್ದೂ ಸರಿ. ಆದರೆ ಆರೋಗ್ಯ ಇಲಾಖೆಯ ಕೆಲಸವನ್ನು ಕೆಲವು ವಾಹಿನಿಗಳು ತಮ್ಮ ಕೆಲಸ ಮಾಡಿಕೊಂಡವು. ಸೋಂಕು ಸಂಚಾಯಿತು, ಸೋಂಕಿತ ಆರೋಪಿಯಾದ. ಕೊರೊನಾದ ಮುಂದೆ 'ಜಿಹಾದ್' ಎಂಬ ಪದ ಬಂದು ಕೂತಿತು. ಹಣ್ಣಿಗೆ ಎಂಜಲು ಹಚ್ಚುವ ಮುದುಕನ ವಿಡಿಯೊ ಒಂದು ಮೊಬೈಲಿನಿಂದ ಮೊಬೈಲಿಗೆ ಹಾರಿತು. ಅದು ಮಧ್ಯಪ್ರದೇಶದ ರಾಯಸೇನದಲ್ಲಿ ಫೆಬ್ರವರಿಯಲ್ಲೇ ಚಿತ್ರಿತವಾದದ್ದೆಂದು ತಿಳಿಯುವ ಹೊತ್ತಿಗೆ ಊರೂರುಗಳ ಬಾಗವಾನರ ತಳ್ಳುಗಾಡಿಗಳ ಮುಂದೆ ಜನ ನಿಲ್ಲುವುದು ಕಡಿಮೆಯಾಗಿತ್ತು. ಎಲ್ಲಿಯೋ ನಡೆದದ್ದಕ್ಕೆ ಇಲ್ಲಿಯ ಬಾಳೆಹಣ್ಣು ಕೊಳೆಯಿತು.

ಅದೇ ವಾರ ಬಾಗಲಕೋಟೆ ಜಿಲ್ಲೆಯ ಎರಡು ವಿಡಿಯೊಗಳು ರಾಜ್ಯದಾದ್ಯಂತ ಸುದ್ದಿಯಾದವು. ಅವುಗಳಲ್ಲಿ ಒಂದು ಬಿದರಿ ಗ್ರಾಮದ್ದು. ಕೃಷ್ಣೆಯಲ್ಲಿ ಮೀನು ಹಿಡಿಯಲು ಬಂದಿದ್ದ ಮುಸ್ಲಿಮರನ್ನು ಅಡ್ಡಗಟ್ಟಿ, ರೋಗ ಹರಡುತ್ತಿರುವುದು ನಿಮ್ಮಿಂದಲೇ ಎಂದು ಬೈದು ಓಡಿಸಲಾಯಿತು. ಇನ್ನೊಂದರಲ್ಲಿ ಬಡವರು ಕೈಮುಗಿದು ನಿಂತಿದ್ದರು. ನದಿಯ ನೀರಿನಲ್ಲಿ ಬಲೆ ಬೀಸುವವನು ದೆಹಲಿಯ ಸಮಾವೇಶಕ್ಕೆ ಹೋಗಿದ್ದನೇ ಎಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೇ ಅವರಿಗೆ ಕಾಣಲಿಲ್ಲ, ಏಕೆಂದರೆ ಉತ್ತರ ಟಿವಿಯಲ್ಲಿ ಆಗಲೇ ಬಂದಿತ್ತು. ಏಪ್ರಿಲ್ 6ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು, ಎಲ್ಲಿಯೋ ನಡೆದ ಒಂದು ಘಟನೆಗಾಗಿ ಇಡೀ ಮುಸ್ಲಿಂ ಸಮುದಾಯವನ್ನು ದೂರುವವರ ಮೇಲೆ ಕ್ರಮ ಕೈಗೊಳ್ಳುವುದಾಗಿ ಬಹಿರಂಗವಾಗಿ ಎಚ್ಚರಿಸಿದರು. ಅವರ ಪಕ್ಷದವರೇ ಹಲವರು ಬೇರೆ ಮಾತಾಡುತ್ತಿದ್ದಾಗ ಈ ಮಾತು ಬಂತೆಂಬುದನ್ನು ನೆನೆಯಬೇಕು. ಏಪ್ರಿಲ್ 8ರಂದು ಕೇಂದ್ರ ಆರೋಗ್ಯ ಸಚಿವಾಲಯವೂ ಯಾವುದೇ ಸಮುದಾಯಕ್ಕೆ, ಪ್ರದೇಶಕ್ಕೆ ರೋಗದ ಹಣೆಪಟ್ಟಿ ಅಂಟಿಸಬಾರದೆಂದು ಸೂಚನೆ ಹೊರಡಿಸಿತು. ಆದರೆ ಅದೇ ಸಚಿವಾಲಯದ ದಿನದ ವಿವರಣೆಯಲ್ಲಿ ತಬ್ಲೀಗ್ ಸಂಬಂಧಿತ ಸಂಖ್ಯೆ ಬೇರೆಯಾಗಿಯೇ ಎಣಿಕೆಯಾಗಿತ್ತು. ಹಣೆಪಟ್ಟಿ ಬರೆದ ಕೈ ಮತ್ತು ಹಣೆಪಟ್ಟಿ ಬೇಡವೆಂದ ಕೈ ಒಂದೇ ಕಚೇರಿಯವು.

ಇಲ್ಲಿ ಭಾಷೆಯ ಬಗ್ಗೆ ಒಂದು ಮಾತು ಹೇಳಬೇಕು. ರೋಗ ಬಂದಾಗ ಅದರೊಂದಿಗೆ ಹೊಸ ಶಬ್ದಗಳೂ ಬಂದವು. ಶಂಕಿತ, ಸೋಂಕಿತ, ಸೀಲ್‌ಡೌನ್, ಪ್ರಾಥಮಿಕ ಸಂಪರ್ಕ, ದ್ವಿತೀಯ ಸಂಪರ್ಕ. ಇವು ಆಸ್ಪತ್ರೆಯ ಕಡತದ ಶಬ್ದಗಳಾಗಿ ಇದ್ದಷ್ಟು ಕಾಲ ತೊಂದರೆ ಇರಲಿಲ್ಲ. ಓಣಿಗೆ ಇಳಿದಾಗ ಅವುಗಳ ಅರ್ಥ ಬದಲಾಯಿತು. 'ಶಂಕಿತ' ಎಂಬುದು ಪೊಲೀಸ್ ಠಾಣೆಯಿಂದ ಬಂದ ಶಬ್ದ. ಕೆಮ್ಮುವ ಮನುಷ್ಯನಿಗೆ ಅದನ್ನು ಹಚ್ಚಿದೊಡನೆ ಅವನು ರೋಗಿಯಾಗಿ ಉಳಿಯುವುದಿಲ್ಲ. ಸರಕಾರಿ ಪ್ರಕಟಣೆಯಲ್ಲಿ ಹೆಸರಿಲ್ಲದೆ ಸಂಖ್ಯೆ, ವಯಸ್ಸು, ಊರು ಮಾತ್ರ ಇರುತ್ತಿತ್ತು. ಆದರೆ ಸಣ್ಣ ಊರಿನಲ್ಲಿ ವಯಸ್ಸು ಮತ್ತು ಓಣಿ ಗೊತ್ತಾದರೆ ಹೆಸರು ಗೊತ್ತಾಗಲು ಚಹಾದಂಗಡಿಯೂ ಬೇಕಾಗಿರಲಿಲ್ಲ. ಬೆಂಗಳೂರಿನಲ್ಲಿ ಗೋಪ್ಯತೆಯಾಗಿದ್ದದ್ದು ಬೀಳಗಿಯಲ್ಲಿ ಡಂಗುರವಾಯಿತು.

ಇವೆಲ್ಲವುಗಳಿಗಿಂತ ದೊಡ್ಡ ಅನಾಹುತ ಮಾಡಿದ ಶಬ್ದ 'ಸಾಮಾಜಿಕ ಅಂತರ'. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್‌ನಲ್ಲೇ ಇದನ್ನು ಬಿಟ್ಟು ದೈಹಿಕ ಅಂತರ ಎನ್ನುವುದೇ ಸರಿ ಎಂದಿತ್ತು. ಮೈಗಳು ದೂರವಿರಲಿ, ಮನುಷ್ಯರು ದೂರವಾಗುವುದು ಬೇಡ ಎಂಬುದು ಅದರ ಕಾಳಜಿ. ನಮ್ಮಲ್ಲಿ ಮಾತ್ರ ಮೊಬೈಲಿನ ಕರೆದನಿಯಿಂದ ಹಿಡಿದು ಪಂಚಾಯತಿಯ ಗೋಡೆಬರಹದವರೆಗೆ ಸಾಮಾಜಿಕ ಅಂತರವೇ ಉಳಿಯಿತು. ಈ ನಾಡಿಗೆ ಸಾಮಾಜಿಕ ಅಂತರವನ್ನು ಹೊಸದಾಗಿ ಕಲಿಸಬೇಕಿತ್ತೇ? ಬೇರೆ ಕಪ್ಪು, ಬೇರೆ ಬಾವಿ, ಬೇರೆ ಕೇರಿ ಎಂದು ಸಾವಿರ ವರುಷ ಅಭ್ಯಾಸ ಮಾಡಿದ ಸಮಾಜ ಇದು. ಮೂರು ಅಡಿ ದೂರ ನಿಲ್ಲಿರಿ ಎನ್ನಬೇಕಾದಲ್ಲಿ ಸಮಾಜವೇ ದೂರ ನಿಲ್ಲಲಿ ಎಂದು ಅಪ್ಪಣೆ ಕೊಟ್ಟಂತಾಯಿತು. ಅಪ್ಪಣೆ ಪಾಲಿಸಲು ಜನ ಹಳೆಯ ದಾರಿಯನ್ನೇ ಹಿಡಿದರು. ದಲಿತರ ಕೇರಿ, ಮುಸ್ಲಿಮರ ಓಣಿ ಮೊದಲು ದೂರವಾದವು.

ನಮ್ಮ ಹಳ್ಳಿಗಳಿಗೆ ಅಂಟುರೋಗದ ಭಯ ಹೊಸದೇನಲ್ಲ. ಸಿಡುಬು, ಕಾಲರಾ, ಪ್ಲೇಗುಗಳನ್ನು ಕಂಡ ಊರುಗಳು ಅವುಗಳನ್ನು ಎದುರಿಸಲು ತಮ್ಮದೇ ರೀತಿ ಕಟ್ಟಿಕೊಂಡಿದ್ದವು. ಪ್ಲೇಗು ಬಂದಾಗ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ವಾರ ಹಿಡಿದು ಕೆಲಸ ನಿಲ್ಲಿಸಿದರು. ಬೇನೆಯನ್ನು ಅಮ್ಮ ಎಂದು ಕರೆದು, ಪೂಜಿಸಿ, ಗಾಡಿಯಲ್ಲಿ ಕೂರಿಸಿ, ಊರ ಗಡಿ ದಾಟಿಸಿ ಬಂದರು. ಇದರಲ್ಲಿ ಮೂಢನಂಬಿಕೆ ಇತ್ತು, ನಿಜ. ಆದರೆ ಒಂದು ವಿವೇಕವೂ ಇತ್ತು. ಬೇನೆಯನ್ನು ಹೊರುವುದಕ್ಕೆ ಅವರು ಆರಿಸಿಕೊಂಡದ್ದು ಕಟ್ಟಿಗೆಯ ಗಾಡಿಯನ್ನು, ಮಣ್ಣಿನ ಮೂರ್ತಿಯನ್ನು. ಸಿಟ್ಟೂ ಭಯವೂ ಅದರ ಮೇಲೆ ಸುರಿಯುತ್ತಿತ್ತು. ಗಡಿಯಾಚೆಯ ಊರಿಗೆ ಬೇನೆಯನ್ನು ದಾಟಿಸುವ ಸ್ವಾರ್ಥವೂ ಅದರಲ್ಲಿ ಇದ್ದೇ ಇತ್ತು. 2020ರಲ್ಲಿ ಆಧುನಿಕರಾದ ನಾವು ಗಾಡಿಯನ್ನೂ ಮೂರ್ತಿಯನ್ನೂ ಬಿಟ್ಟೆವು, ಆದರೆ ಗಡಿ ದಾಟಿಸುವ ಆಚರಣೆಯನ್ನು ಬಿಡಲಿಲ್ಲ. ಮಾರಿಯನ್ನು ಜೀವಂತ ಮನುಷ್ಯರ ಮೇಲೆ ಕೂರಿಸಿದೆವು. ಕೃಷ್ಣೆಯ ದಂಡೆಯಲ್ಲಿ ನಡೆದದ್ದು ಅದೇ.

ಈಗ ಸಾಹಿತ್ಯಕ್ಕೆ ಬರೋಣ. ಅಂಟುರೋಗ, ಶವ, ಮುಸ್ಲಿಮ, ಮೀನು ಈ ನಾಲ್ಕೂ ಒಟ್ಟಿಗೆ ಬರುವ ಕೃತಿಯೊಂದು ಕನ್ನಡದಲ್ಲಿದೆ. ಅದು ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' (1965). ಮಲೆನಾಡಿನ ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಪ್ಲೇಗಿನಿಂದ ಸಾಯುತ್ತಾನೆ. ಆಚಾರಗೆಟ್ಟವನ ಶವಸಂಸ್ಕಾರ ಯಾರು ಮಾಡಬೇಕೆಂಬ ಪ್ರಶ್ನೆಯಲ್ಲಿ ಶವ ಕೊಳೆಯುತ್ತದೆ, ಇಲಿಗಳು ಸಾಯುತ್ತವೆ, ಪ್ರಾಣೇಶಾಚಾರ್ಯರು ತಾಳೆಗರಿಗಳಲ್ಲಿ ಉತ್ತರ ಹುಡುಕುತ್ತಾರೆ. ಕೊನೆಗೆ ಚಂದ್ರಿ ಕತ್ತಲಲ್ಲಿ ಹೊರಡುತ್ತಾಳೆ. ಗಾಡಿಯ ಶೇಷಪ್ಪ ಬ್ರಾಹ್ಮಣನ ಹೆಣ ಮುಟ್ಟಲಾರೆನೆಂದು ಹೆದರಿ ಹಿಂಜರಿಯುತ್ತಾನೆ. ಬರುವವನು ಮೀನು ಮಾರುವ ಅಹಮದ್ ಬ್ಯಾರಿ. ಹಿಂದೆ ಎತ್ತು ಕೊಳ್ಳಲು ನಾರಣಪ್ಪ ಮಾಡಿದ ಹಣದ ಸಹಾಯವನ್ನು ನೆನೆದು, ಗಾಡಿ ಹೂಡಿ, ಕಟ್ಟಿಗೆ ಒಟ್ಟಿ, ಅಗ್ರಹಾರಕ್ಕೆ ತಿಳಿಯದಂತೆ ಹೆಣ ಸುಡಿಸಿ ಹೊರಟುಹೋಗುತ್ತಾನೆ.

ಧರ್ಮಶಾಸ್ತ್ರಕ್ಕೆ ಬಗೆಹರಿಯದ ಪ್ರಶ್ನೆಯನ್ನು ಒಬ್ಬ ಮೀನು ಮಾರುವವನ ಋಣಪ್ರಜ್ಞೆ ಒಂದು ರಾತ್ರಿಯಲ್ಲಿ ಬಗೆಹರಿಸಿತು ಎಂಬುದು ಕಾದಂಬರಿಯ ದೊಡ್ಡ ವ್ಯಂಗ್ಯ. ಅದಕ್ಕಾಗಿ ಅನಂತಮೂರ್ತಿಯವರಿಗೆ ನಾವು ಋಣಿಗಳು. ಆದರೆ ಆಮೇಲೆ ಅಹಮದ್ ಬ್ಯಾರಿ ಎಲ್ಲಿಗೆ ಹೋದ? ಪ್ಲೇಗು ಅಗ್ರಹಾರದಲ್ಲಿ ಹಬ್ಬುತ್ತಿದ್ದಾಗ ಹೆಣದ ಹತ್ತಿರ ಹೋದವನು ಅವನು. ಅವನಿಗೆ ಜ್ವರ ಬಂತೇ? ಮನೆಯಲ್ಲಿ ಹೆಂಡತಿ ಏನಂದಳು? ಮರುದಿನ ಅವನ ಮೀನನ್ನು ಯಾರಾದರೂ ಕೊಂಡರೇ? ಕಾದಂಬರಿಗೆ ಈ ಪ್ರಶ್ನೆಗಳು ಬೇಕಿಲ್ಲ, ಏಕೆಂದರೆ ಅದು ಪ್ರಾಣೇಶಾಚಾರ್ಯರ ಕಥೆ. ವಿಮರ್ಶಕರಿಗೂ ಅವು ಬೇಕಾಗಲಿಲ್ಲ. ಆಚಾರ್ಯರ ಅಸ್ತಿತ್ವದ ತೊಳಲಾಟದ ಮೇಲೆ ಅರ್ಧ ಶತಮಾನಕ್ಕೂ ಮಿಕ್ಕಿ ಬರೆದ ಕನ್ನಡ ವಿಮರ್ಶೆ, ಹೆಣ ಹೊತ್ತ ಗಾಡಿಯವನಿಗೆ ಒಂದೆರಡು ಸಾಲು ಕೊಟ್ಟು ಮುಂದೆ ಹೋಯಿತು. ಅವನು ಬಂದ, ಉಪಕಾರ ಮಾಡಿದ, ಮಾಯವಾದ. ದೇವದೂತರು ಮಾಡುವುದೇ ಅದನ್ನು.

ಇದು ಕನ್ನಡದ ಸಮಸ್ಯೆ ಮಾತ್ರವಲ್ಲ. ಕೊರೊನಾ ಕಾಲದಲ್ಲಿ ಜಗತ್ತೆಲ್ಲ ಮತ್ತೆ ಓದಿದ ಕೃತಿ ಆಲ್ಬರ್ಟ್ ಕಮೂವಿನ 'ಪ್ಲೇಗ್' (1947). ಕಥೆ ನಡೆಯುವುದು ಅಲ್ಜೀರಿಯದ ಒರಾನ್ ನಗರದಲ್ಲಿ. ಆದರೆ ಆ ನಗರದ ಅರಬರು ಕಾದಂಬರಿಯಲ್ಲಿ ಹೆಸರಿಗೂ ಸಿಕ್ಕುವುದಿಲ್ಲ, ಸಾಯುವವರ ಲೆಕ್ಕದಲ್ಲೂ ಮುಖವಾಗಿ ಬರುವುದಿಲ್ಲ. ಎಡ್ವರ್ಡ್ ಸೈದ್ ಮೊದಲಾದವರು ಇದನ್ನು ಹಿಂದೆಯೇ ಎತ್ತಿ ತೋರಿಸಿದ್ದಾರೆ. ಇದಕ್ಕೆ ವ್ಯತಿರಿಕ್ತವಾಗಿ ಅಹಮದ್ ಅಲಿಯವರ 'ಟ್ವಿಲೈಟ್ ಇನ್ ಡೆಲ್ಲಿ' (1940) ನೋಡಿ. ಇಂಡಿಯಾದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂದ 1918ರ ಇನ್‌ಫ್ಲುಯೆಂಜಾ ಅದರಲ್ಲಿ ಬರುತ್ತದೆ. ದೆಹಲಿಯ ಮುಸ್ಲಿಮರು ಅಲ್ಲಿ ಸಾಯುತ್ತಾರೆ, ಅಳುತ್ತಾರೆ, ಗೋರಿ ತೋಡುವವರು ಸಮಯ ನೋಡಿ ಕೂಲಿ ಏರಿಸುತ್ತಾರೆ, ಕಫನು ಕದಿಯುವವರೂ ಇದ್ದಾರೆ. ಒಳ್ಳೆಯವರು, ಕೆಟ್ಟವರು, ಹೆದರಿದವರು, ಲಾಭಕೋರರು ಎಲ್ಲರೂ ಅದೇ ಓಣಿಯವರು. ಅಹಮದ್ ಅಲಿ ತನ್ನ ಜನರಿಗೆ ಪ್ರಮಾಣಪತ್ರ ಬರೆಯುತ್ತಿಲ್ಲ. ಅದರಿಂದಲೇ ಅವರು ಮನುಷ್ಯರಾಗಿ ಕಾಣುತ್ತಾರೆ.

ಈಗ 2021ಕ್ಕೆ ಮರಳೋಣ. ಎರಡನೆಯ ಅಲೆ ಬಂದಾಗ ಮೊದಲ ಅಲೆಯ ಆರೋಪಗಳನ್ನು ನೆನೆಯಲು ಯಾರಿಗೂ ಪುರುಸೊತ್ತು ಇರಲಿಲ್ಲ. ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50 ಸಾವಿರಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವು. ಅದಕ್ಕೂ ಮೂರು ದಿನ ಮೊದಲು ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ಜನ ಸತ್ತಿದ್ದರು. ಆ ದಿನಗಳಲ್ಲಿ ಮುಸ್ಲಿಂ ಯುವಕರ ತಂಡಗಳು ರಾಜ್ಯದ ಅನೇಕ ಊರುಗಳಲ್ಲಿ ಆಂಬುಲೆನ್ಸ್ ಓಡಿಸಿದವು, ಆಮ್ಲಜನಕದ ಸಿಲಿಂಡರ್ ಹೊತ್ತವು, ಆಯಾ ಧರ್ಮದ ರೀತಿಯಲ್ಲಿ ಶವಸಂಸ್ಕಾರ ಮಾಡಿದವು. ಅವರ ಸೇವೆ ದೊಡ್ಡದು. ಅವರಲ್ಲಿ ಕೆಲವರು ಸೋಂಕು ತಗುಲಿಸಿಕೊಂಡರು. ಈ ಸೇವೆಯನ್ನು ಕಡಿಮೆ ಮಾಡುವ ಉದ್ದೇಶ ಇಲ್ಲಿಲ್ಲ.

ಆಕ್ಷೇಪ ಇರುವುದು 'ಮೆರೆದ' ಎಂಬ ಶಬ್ದಕ್ಕೆ. ಲಿಂಗಾಯತ ಯುವಕ ಲಿಂಗಾಯತನ ಶವಕ್ಕೆ ಹೆಗಲು ಕೊಟ್ಟರೆ ಮಾನವೀಯತೆ ಮೆರೆದಂತೆ ಆಗುವುದಿಲ್ಲ, ಅದು ಕರ್ತವ್ಯ. ಮುಸ್ಲಿಮನು ಕೊಟ್ಟರೆ ಮಾತ್ರ ಅದು ಮೆರವಣಿಗೆಯ ವಸ್ತು. ಹಾಗೆಂದರೆ ಮುಸ್ಲಿಮನಿಂದ ಅದನ್ನು ನಿರೀಕ್ಷಿಸಿರಲಿಲ್ಲ ಎಂದಾಯಿತಲ್ಲವೇ? ಹೊಗಳಿಕೆಯ ಹೊಟ್ಟೆಯೊಳಗೆ ಅನುಮಾನ ಕೂತಿದೆ. ಆ ಸುದ್ದಿಯ ಕೊನೆಗೆ ಅವರು ಯಾವ ಓಣಿಯವರು, ಏನು ಕೆಲಸ ಮಾಡುವವರು, ಲಾಕ್‌ಡೌನಿನಲ್ಲಿ ಅವರ ಮನೆ ಹೇಗೆ ನಡೆಯಿತು ಎಂಬ ವಿವರ ಸಾಮಾನ್ಯವಾಗಿ ಇರುತ್ತಿರಲಿಲ್ಲ. ಅವರೂ ಅಹಮದ್ ಬ್ಯಾರಿಯ ಹಾಗೆ ಬಂದರು, ಹೊತ್ತರು, ಮಾಯವಾದರು.

ತಪ್ಪು ತಿದ್ದುವ ಕೆಲಸ ಎಷ್ಟರ ಮಟ್ಟಿಗೆ ನಡೆಯಿತು? 2020ರ ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ತಬ್ಲೀಗ್‌ಗೆ ಬಂದಿದ್ದ 29 ವಿದೇಶಿಯರ ಮೇಲಿನ ಪ್ರಕರಣ ರದ್ದುಪಡಿಸಿ, ಅವರನ್ನು ಬಲಿಪಶು ಮಾಡಿದಂತೆ ಕಾಣುತ್ತದೆ ಎಂದಿತು. 2021ರ ಜೂನ್‌ನಲ್ಲಿ ಸುದ್ದಿವಾಹಿನಿಗಳ ಸ್ವಯಂ ನಿಯಂತ್ರಣ ಪ್ರಾಧಿಕಾರವು ತಬ್ಲೀಗ್ ಕುರಿತ ಕಾರ್ಯಕ್ರಮಗಳಿಗಾಗಿ ನ್ಯೂಸ್ 18 ಕನ್ನಡ ವಾಹಿನಿಗೆ 1 ಲಕ್ಷ ರೂಪಾಯಿ, ಸುವರ್ಣ ನ್ಯೂಸ್‌ಗೆ 50 ಸಾವಿರ ರೂಪಾಯಿ ದಂಡ ಹಾಕಿತು. 2025ರ ಜುಲೈ 17ರಂದು ದೆಹಲಿ ಹೈಕೋರ್ಟು 70 ಭಾರತೀಯರ ಮೇಲಿದ್ದ 16 ಪ್ರಕರಣಗಳನ್ನು ರದ್ದು ಮಾಡಿತು. ಆರೋಪ ಹೊರಿಸಲು ಒಂದು ವಾರ ಸಾಕಾಗಿತ್ತು, ಅದನ್ನು ಇಳಿಸಲು ಐದು ವರುಷ ಹಿಡಿಯಿತು. ಆರೋಪ ಬಂದದ್ದು ರಾತ್ರಿ ಒಂಬತ್ತರ ಸುದ್ದಿಯಲ್ಲಿ ತಾಸುಗಟ್ಟಲೆ, ತೀರ್ಪು ಬಂದದ್ದು ಒಳಪುಟದಲ್ಲಿ ನಾಲ್ಕು ಸಾಲು. ಕೃಷ್ಣಾ ದಂಡೆಯಲ್ಲಿ ಬೈದವನ ಮೊಬೈಲಿಗೆ ಆರೋಪ ತಲುಪಿತ್ತು. ತೀರ್ಪು ತಲುಪಿತೆಂದು ನಂಬಲು ಕಾರಣಗಳಿಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ಮನೆಯ ಕಡೆಗೂ ತಿರುಗಿ ನೋಡುವುದು ನ್ಯಾಯ. 2020ರ ಏಪ್ರಿಲ್ ಆರಂಭದಲ್ಲಿ ಬೆಂಗಳೂರಿನ ಸಾದಿಕ್ ಲೇಔಟಿನಲ್ಲಿ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯರ ಮೇಲೆ ಹಲ್ಲೆ ನಡೆಯಿತು. ಅವರು ಪೌರತ್ವ ನೋಂದಣಿಯ ಮಾಹಿತಿ ಕಲೆಹಾಕಲು ಬಂದಿದ್ದಾರೆಂಬ ಗುಮಾನಿ ಅದರ ಹಿಂದೆ ಇತ್ತು. ಪೌರತ್ವ ಕಾಯಿದೆಯ ನಂತರದ ಆ ತಿಂಗಳುಗಳಲ್ಲಿ ಅಂಥ ಭಯಕ್ಕೆ ಕಾರಣ ಇತ್ತು. ಆದರೆ ಬಿಸಿಲಲ್ಲಿ ಮನೆಮನೆ ಸುತ್ತುವ, ಅಲ್ಪ ಗೌರವಧನದ ಹೆಣ್ಣುಮಗಳು ಆ ಭಯವನ್ನು ಹುಟ್ಟಿಸಿದವಳಲ್ಲ. ನಮ್ಮ ಭಯವನ್ನು ನಾವು ಅವಳ ಮೇಲೆ ಹೊರಿಸಿದೆವು. ಬಿದರಿಯಲ್ಲಿ ನಮ್ಮ ಮೇಲೆ ನಡೆದದ್ದು, ಸಾದಿಕ್ ಲೇಔಟಿನಲ್ಲಿ ನಾವು ಮಾಡಿದ್ದು ಎರಡರ ಬೇರೂ ಒಂದೇ ಮಣ್ಣಿನಲ್ಲಿದೆ. ಆಮೇಲೆ ಲಸಿಕೆ ಬಂದಾಗ ಅದರಿಂದ ಮಕ್ಕಳಾಗುವುದಿಲ್ಲ ಎಂಬ ಸುಳ್ಳನ್ನು ವಾಟ್ಸ್ಆ್ಯಪ್‌ನಲ್ಲಿ ಹಂಚಿದವರಲ್ಲೂ ನಮ್ಮವರಿದ್ದರು, ಬೇರೆಯವರೂ ಇದ್ದರು.

ಈ ವಿಷಯದಲ್ಲಿ ನಮ್ಮ ಪರಂಪರೆ ಅಸ್ಪಷ್ಟವೇನಲ್ಲ. ಅಂಟುರೋಗ ಇರುವ ನಾಡಿಗೆ ಹೋಗಬಾರದು, ಇದ್ದಲ್ಲಿಂದ ಓಡಿಹೋಗಲೂಬಾರದು ಎಂದು ಪ್ರವಾದಿ ಮುಹಮ್ಮದರು (ಸ) ಕಲಿಸಿದ್ದು ಹದೀಸ್ ಗ್ರಂಥಗಳಲ್ಲಿದೆ. ಸಿರಿಯದಲ್ಲಿ ಪ್ಲೇಗು ಹಬ್ಬಿದೆ ಎಂದು ತಿಳಿದಾಗ ಖಲೀಫಾ ಉಮರ್ (ರ) ದಾರಿಯಿಂದಲೇ ಹಿಂದಿರುಗಿದರು. ದೇವರ ವಿಧಿಯಿಂದ ಓಡಿಹೋಗುತ್ತೀರಾ ಎಂದು ಕೇಳಿದ ಅಬೂ ಉಬೈದಾರಿಗೆ, ಹಿಂದಿರುಗುವುದೂ ದೇವರ ವಿಧಿಯ ಕಡೆಗೇ ಎಂಬ ಅರ್ಥದ ಉತ್ತರ ಕೊಟ್ಟರು. ಈ ಪಾಠ ತಿಳಿದವರು 2020ರ ರಮಜಾನಿನಲ್ಲಿ ತರಾವೀಹ್ ನಮಾಜನ್ನು ಮನೆಯಲ್ಲೇ ಮಾಡಿದರು. ಮೇ 25ರ ಈದ್ ದಿನ ಈದ್ಗಾಗಳು ಖಾಲಿ ಇದ್ದವು. ಆ ಖಾಲಿ ಈದ್ಗಾಗಳನ್ನು ಎಷ್ಟು ವಾಹಿನಿಗಳು ತೋರಿಸಿದವು? ಸಂಯಮ ಸುದ್ದಿಯಾಗುವುದಿಲ್ಲ. ಅದರಲ್ಲಿ ರಾಕ್ಷಸನೂ ಇಲ್ಲ, ದೇವದೂತನೂ ಇಲ್ಲ.

ನಮ್ಮ ಮೇಲೆ ಮಾಡಬೇಕಾದ ಇನ್ನೊಂದು ಟೀಕೆಯೂ ಇದೆ. 'ಮಾನವೀಯತೆ ಮೆರೆದ' ಸುದ್ದಿಯ ತುಣುಕುಗಳನ್ನು ಕತ್ತರಿಸಿ ಎಲ್ಲರಿಗಿಂತ ಹೆಚ್ಚು ಹಂಚಿದವರು ನಾವೇ. ಸಮುದಾಯದ ಸಂಘಗಳು, ಪತ್ರಿಕೆಗಳು ಅವನ್ನು ಪ್ರಮಾಣಪತ್ರದಂತೆ ಚೌಕಟ್ಟು ಹಾಕಿಸಿಕೊಂಡವು. ನೋಡಿ, ನಾವು ಒಳ್ಳೆಯವರು ಎನ್ನುವ ಈ ತವಕ ಅರ್ಥವಾಗುವಂಥದ್ದು. ಆದರೆ ಪ್ರಮಾಣಪತ್ರ ಬೇಡುವವನು ಅದನ್ನು ಕೊಡುವ ಅಧಿಕಾರವನ್ನೂ ಎದುರಿನವನಿಗೆ ಒಪ್ಪಿಸಿಬಿಡುತ್ತಾನೆ. ಇಂದು ಕೊಟ್ಟವನು ನಾಳೆ ಹಿಂದಕ್ಕೆ ಪಡೆಯಬಹುದು. ಊರಿನಲ್ಲಿ ಬದುಕುವ ಹಕ್ಕಿಗೆ ಹೆಣ ಹೊರುವುದು ಶುಲ್ಕವಾಗಬಾರದು.

ಹಾಗಾದರೆ ಸಾಮಾನ್ಯ ಮನುಷ್ಯ ಎಲ್ಲಿದ್ದ? ರಬಕವಿ-ಬನಹಟ್ಟಿಯ ಮಗ್ಗದ ಮುಂದೆ ಇದ್ದ. ಲಾಕ್‌ಡೌನಿನಲ್ಲಿ ಪಾವರ್‌ಲೂಮಿನ ಸದ್ದು ನಿಂತಾಗ ಹಟಗಾರ, ದೇವಾಂಗ, ಮುಸ್ಲಿಂ ನೇಕಾರರ ಮನೆಗಳಲ್ಲಿ ಒಂದೇ ಬಗೆಯ ಮೌನ ಇತ್ತು. ನೂಲು ಬರಲಿಲ್ಲ, ನೇಯ್ದ ಸೀರೆ ಮಾರಾಟವಾಗದೆ ಉಳಿಯಿತು, ಮದುವೆಗಳಿಲ್ಲದೆ ಬೇಸಿಗೆಯ ವ್ಯಾಪಾರವೇ ಹೋಯಿತು. ಸರಕಾರ 2020ರ ಮೇ ತಿಂಗಳಲ್ಲಿ ಕೈಮಗ್ಗ ನೇಕಾರರಿಗೆ, ಆಮೇಲೆ ಪಾವರ್‌ಲೂಮ್ ಕಾರ್ಮಿಕರಿಗೂ 2,000 ರೂಪಾಯಿ ಘೋಷಿಸಿತು. ಆ ಹಣ ಒಂದು ಮನೆಯ ಎಷ್ಟು ದಿನದ ಜೋಳಕ್ಕೆ ಸಾಲುತ್ತಿತ್ತು ಎಂಬ ಲೆಕ್ಕ ಹಾಸಿನವನಿಗೂ ಹೊಕ್ಕಿನವನಿಗೂ ಒಂದೇ ಆಗಿತ್ತು. ಟಿವಿ ಅವರನ್ನು ಬೇರೆ ಮಾಡಿದ್ದ ದಿನಗಳಲ್ಲಿ ಹಸಿವು ಅವರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿತ್ತು. ಈ ಕಥೆ ನಮ್ಮ ಪತ್ರಿಕೆಗಳಲ್ಲಿ ನೇಕಾರರ ಕಷ್ಟವಾಗಿ ಬಂತು, ಭಯದ ಕಥೆಯಾಗಿ ಬರಲಿಲ್ಲ. ಎರಡನ್ನೂ ಒಟ್ಟಿಗೆ ಓದಿದ್ದರೆ ವಾಹಿನಿಗಳ ಕಥೆ ಅಲ್ಲೇ ಮುರಿದು ಬೀಳುತ್ತಿತ್ತು.

ಇನ್ನೂ ಸ್ವಲ್ಪ ಹಿಂದೆ ಹೋದರೆ 2019ರ ಆಗಸ್ಟ್ ಇದೆ. ಕೊರೊನಾ ಬರುವ ಏಳೆಂಟು ತಿಂಗಳ ಮೊದಲು ಕೃಷ್ಣೆ ಜಮಖಂಡಿ, ರಬಕವಿ-ಬನಹಟ್ಟಿಯ ಹಳ್ಳಿಗಳಿಗೂ ಘಟಪ್ರಭೆ ಮುಧೋಳದ ಕಡೆಗೂ ನುಗ್ಗಿದ್ದಳು. ಪರಿಹಾರ ಕೇಂದ್ರದ ಶಾಲೆಗಳಲ್ಲಿ ಜನ ಒಂದೇ ಕೋಣೆಯಲ್ಲಿ ಮಲಗಿದ್ದರು, ಒಂದೇ ಪಾತ್ರೆಯ ಅನ್ನ ಉಂಡಿದ್ದರು. ಅದಕ್ಕೂ ಮೂರು ದಶಕ ಹಿಂದೆ, 1989ರಲ್ಲಿ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಮ್ಮದೇ ದುಡ್ಡು, ತಮ್ಮದೇ ಶ್ರಮ ಹಾಕಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದ್ದರು. ಸರಕಾರದ ದಾರಿ ಕಾಯದೆ ನದಿಯನ್ನೇ ತಡೆದು ನಿಲ್ಲಿಸಿದ ಜನ ಇವರು. ಇಂಥ ನೆನಪಿರುವ ಸೀಮೆಯಲ್ಲಿ ಒಂದು ವಾರದ ಟಿವಿ ಮಾತು ನದಿಯ ದಂಡೆಯ ಸಂಬಂಧವನ್ನು ಕದಡಿತು ಎಂದರೆ, ಅದು ಭಯದ ಶಕ್ತಿಯಷ್ಟೇ ಅಲ್ಲ, ನೆನಪಿನ ದೌರ್ಬಲ್ಯವೂ ಹೌದು. ಹಂಚಿಕೊಂಡು ಬದುಕಿದ ಅನುಭವ ನಮ್ಮಲ್ಲಿದೆ. ಅದನ್ನು ಬರೆದಿಟ್ಟುಕೊಳ್ಳುವ ಅಭ್ಯಾಸ ಸಾಲದು.

ಸಾಹಿತ್ಯದ ಜವಾಬ್ದಾರಿ ಬರುವುದು ಇಲ್ಲಿ. ಸಾರಾ ಅಬೂಬಕ್ಕರ್, ಬೊಳುವಾರು ಮಹಮ್ಮದ್ ಕುಂಞಿ, ಫಕೀರ್ ಮುಹಮ್ಮದ್ ಕಟ್ಪಾಡಿ, ಬಾನು ಮುಷ್ತಾಕ್ ಮೊದಲಾದವರು ಮುಸ್ಲಿಮನ ಮನೆಯ ಬಾಗಿಲು ತೆರೆದು ಒಳಗಿನ ಜಗಳ, ಪ್ರೀತಿ, ಅನ್ಯಾಯಗಳನ್ನು ಕನ್ನಡಕ್ಕೆ ತಂದರು. ಅಹಮದ್ ಬ್ಯಾರಿ ಎಲ್ಲಿಗೆ ಹೋದ ಎಂಬ ಪ್ರಶ್ನೆಗೆ ಉತ್ತರ ಹುಡುಕಿದವರು ಅವರು. 2025ರಲ್ಲಿ ಬಾನು ಅವರ ಕಥೆಗಳ ಅನುವಾದಕ್ಕೆ ಅಂತರರಾಷ್ಟ್ರೀಯ ಬುಕರ್ ಬಂದಾಗ ನಾವು ಸಂಭ್ರಮಿಸಿದ್ದೂ ಅದಕ್ಕೇ. ಆದರೆ ಇವರು ತೆರೆದ ಮನೆಗಳು ಹೆಚ್ಚಾಗಿ ಕರಾವಳಿಯವು, ಹಾಸನ ಸೀಮೆಯವು. ಬನಹಟ್ಟಿಯ ಮಗ್ಗದ ಮನೆ, ಜಮಖಂಡಿಯ ಬಾಗವಾನರ ಓಣಿ, ಬೀಳಗಿಯ ಹಿನ್ನೀರಿನ ದಂಡೆ ಕೊರೊನಾ ವರ್ಷಗಳಲ್ಲಿ ಹೇಗಿದ್ದವು ಎಂದು ಹೇಳುವ ಕಾದಂಬರಿಗಾಗಿ ಕಾಯುವಂತಾಗಿದೆ. 1918ರ ಮಹಾಮಾರಿ ಪ್ಲೇಗಿನಷ್ಟೂ ನಮ್ಮ ಸಾಹಿತ್ಯದಲ್ಲಿ ಉಳಿಯಲಿಲ್ಲ. ಅದರ ಗತಿ ಇದಕ್ಕೂ ಬರಬಾರದು.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೊರೊನಾದ ಜಾಗತಿಕ ತುರ್ತುಸ್ಥಿತಿ ಮುಗಿದದ್ದಾಗಿ ಘೋಷಿಸಿತು. ಸರಕಾರದ ಲೆಕ್ಕದಂತೆ ಕರ್ನಾಟಕದಲ್ಲಿ ಸತ್ತವರು 40 ಸಾವಿರಕ್ಕೂ ಹೆಚ್ಚು. ಅದೇ ಲೆಕ್ಕದಲ್ಲಿ ಉಳಿದ ಲಕ್ಷಾಂತರ ಜನ 'ಗುಣಮುಖ'ರು. ಆಸ್ಪತ್ರೆಯಿಂದ ಚಪ್ಪಾಳೆ, ಹೂವುಗಳೊಂದಿಗೆ ಬೀಳ್ಕೊಂಡು ಓಣಿಗೆ ಬಂದಾಗ ಮುಚ್ಚಿದ ಬಾಗಿಲುಗಳನ್ನು ಕಂಡವರೂ ಆ ಸಂಖ್ಯೆಯಲ್ಲಿ ಸೇರಿದ್ದಾರೆ. ಬಾಗಿಲು ಮತ್ತೆ ಯಾವಾಗ ತೆರೆಯಿತು, ಯಾರು ಮೊದಲು ತೆರೆದರು ಎಂಬುದು ಯಾವ ಪ್ರಕಟಣೆಯಲ್ಲೂ ಇಲ್ಲ.

ಅದನ್ನು ಬರೆದಿಡುವ ಕೆಲಸ ಈಗಲೂ ಸಾಧ್ಯ. ಜಮಖಂಡಿ, ಮುಧೋಳದ ಕಾಲೇಜುಗಳಲ್ಲಿ ಕನ್ನಡ ಓದುವ ಮಕ್ಕಳಿದ್ದಾರೆ. ರಬಕವಿಯಲ್ಲಿ ಕಥೆ ಬರೆಯುವವರಿದ್ದಾರೆ. ಮಸೀದಿ ಕಮಿಟಿಗಳಿವೆ, ಮಠಗಳಿವೆ, ನೇಕಾರರ ಸಂಘಗಳಿವೆ. ಓಣಿ ಓಣಿಗೆ ಹೋಗಿ, ಯಾರು ಸತ್ತರು, ಯಾರು ಹೆದರಿದರು, ಯಾರು ಯಾರನ್ನು ಓಡಿಸಿದರು, ಯಾರು ರಾತ್ರಿ ರೊಟ್ಟಿ ಕಳಿಸಿದರು ಎಂದು ಕೇಳಿ ಬರೆದುಕೊಳ್ಳಲಿ. ಬೈಸಿಕೊಂಡವನನ್ನೂ ಕೇಳಲಿ, ಬೈದವನನ್ನೂ ಕೇಳಲಿ. ಆಗ ನಾವು ನಾಚಬೇಕಾದ ಸಂಗತಿಗಳು ಸಿಗುತ್ತವೆ, ಹೆಮ್ಮೆಪಡುವಂಥವೂ ಸಿಗುತ್ತವೆ. ಮುಖ್ಯವಾಗಿ ಮೆರೆಯದೆ, ಮಾಯವಾಗದೆ, ಅದೇ ಓಣಿಯಲ್ಲಿ ಉಳಿದು ಮರುದಿನವೂ ಮೀನು ಮಾರಿದವನು, ಹಣ್ಣು ಮಾರಿದವನು, ಮಗ್ಗ ನೇಯ್ದವನು ಸಿಗುತ್ತಾನೆ. ಮುಂದಿನ ಬೇನೆ ಬರುವ ಮೊದಲು ಅವನ ಗುರುತು ನಮ್ಮ ಬರವಣಿಗೆಯಲ್ಲಿ ಆಗಿರಬೇಕು.